ಗೂಬೆಯ ಮೇಲೇ ಗೂಬೆ ಕೂರಿಸುವ ಮುನ್ನ: ಸಿಯೆರಾ ತಪ್ಪಲಿನ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಕ್ಯಾಲಿಫೋರ್ನಿಯಾದ ಫಾಲ್ಸಮ್, ಎಲ್ ಡೊರಾಡೊ ಹಿಲ್ಸ್, ರೋಸ್‌ವಿಲ್ ಮತ್ತು ಸುತ್ತಲಿನ ಊರುಗಳಲ್ಲಿ ನೆಲೆಸಿರುವ ಕನ್ನಡ ಬಂಧುಗಳಿಗೆ ನಮಸ್ಕಾರಗಳು.

ಕಳೆದ ಯುಗಾದಿಯ ಊಟದ ಪಂಕ್ತಿಯಲ್ಲಿ ನಡೆದ ಮಾತುಕತೆಯೊಂದು ಈ ಪತ್ರಕ್ಕೆ ಕಾರಣ. ಕಾಳ್ಗಿಚ್ಚಿನ ಭಯದಿಂದ ಮನೆಯ ವಿಮೆಯನ್ನು ನವೀಕರಿಸಲು ಕಂಪನಿಯವರು ಒಪ್ಪಲಿಲ್ಲವೆಂದು ಬೇಸರದಲ್ಲಿದ್ದ ಹಿರಿಯರೊಬ್ಬರು, ಒಂದು ಗೂಬೆಯನ್ನು ಉಳಿಸಲು ಹೋಗಿ, ಒತ್ತಾದ ಕಾಡನ್ನು ತೆಳುಗೊಳಿಸದೆ, ಇಲ್ಲಿನ ಅರಣ್ಯ ಇಲಾಖೆಯವರು ಇಡೀ ಬೆಟ್ಟವನ್ನೇ ಬೆಂಕಿಗೆ ಬಿಟ್ಟುಕೊಟ್ಟಿದ್ದಾರೆ ಎಂದರು. ಅವರ ಎದುರು ಸಾಲಿನಲ್ಲಿ ಕುಳಿತಿದ್ದ ತರುಣಿಯೊಬ್ಬರು, ಬೆಂಕಿ ಬರೀ ನೆಪ, ದೊಡ್ಡ ಮರಗಳನ್ನು ಸಾಮಿಲ್ಲಿಗೆ ಸಾಗಿಸುವುದೇ ಅಸಲು ಉದ್ದೇಶ ಎಂದು ಉತ್ತರಿಸಿದರು. ಅಷ್ಟರಲ್ಲಿ ಹೋಳಿಗೆ ಬಡಿಸುವವರು ಬಂದದ್ದರಿಂದ ಮಾತು ಅಲ್ಲಿಗೇ ನಿಂತಿತು. ಇಬ್ಬರ ಮಾತಿನಲ್ಲೂ ಹುರುಳಿಲ್ಲದೆ ಇರಲಿಲ್ಲ. ಆದರೆ ಇಬ್ಬರೂ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಕೇಳದೆಯೇ ತೀರ್ಪು ಕೊಟ್ಟಿದ್ದರು. ಆ ಪ್ರಶ್ನೆಗಳು ಯಾವುವು ಎಂಬುದನ್ನು ಹೇಳಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಪಕ್ಷಿವಿಜ್ಞಾನಿಯಲ್ಲ, ನಿಮ್ಮಲ್ಲಿ ಬಹುಪಾಲು ಜನರಂತೆ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವವನು. ಎರಡು ಬೇಸಿಗೆಗಳಲ್ಲಿ ಸ್ವಯಂಸೇವಕನಾಗಿ ಗೂಬೆ ಸಮೀಕ್ಷೆಯ ತಂಡದೊಂದಿಗೆ ರಾತ್ರಿ ಕಾಡು ಸುತ್ತಿದ್ದೇನೆ ಎಂಬುದಷ್ಟೇ ನನ್ನ ಅರ್ಹತೆ.

ಇದು ನಮ್ಮ ತಲೆನೋವಲ್ಲ ಎನ್ನುವ ಹಾಗಿಲ್ಲ. ನಮ್ಮ ಮನೆಗಳಿಂದ ಹೆದ್ದಾರಿ 50ರಲ್ಲಿ ಒಂದು ಗಂಟೆ ಮೇಲಕ್ಕೆ ಹೋದರೆ ಎಲ್ ಡೊರಾಡೊ ರಾಷ್ಟ್ರೀಯ ಅರಣ್ಯ ಸಿಗುತ್ತದೆ. 2014ರಲ್ಲಿ ಅಲ್ಲಿ ಹೊತ್ತಿಕೊಂಡ ಕಿಂಗ್ ಫೈರ್ 97,000 ಎಕರೆಗೂ ಹೆಚ್ಚು ಕಾಡನ್ನು ಸುಟ್ಟಿತು. 2021ರ ಆಗಸ್ಟ್‌ನಲ್ಲಿ ಬಂದ ಕಾಲ್ಡರ್ ಫೈರ್ 2,21,000 ಎಕರೆ ದಾಟಿ, ಸಿಯೆರಾ ನೆವಾಡಾ ಪರ್ವತಸಾಲಿನ ನೆತ್ತಿಯನ್ನೇ ಹತ್ತಿಳಿದು, ಸೌತ್ ಲೇಕ್ ಟಾಹೊ ಊರನ್ನು ಖಾಲಿ ಮಾಡಿಸಿತು. ಮರುವರ್ಷ ಮೊಸ್ಕೀಟೊ ಫೈರ್ 76,000 ಎಕರೆ ಸುಟ್ಟಿತು. ಆ ದಿನಗಳಲ್ಲಿ ಮಕ್ಕಳನ್ನು ಮನೆಯಿಂದ ಹೊರಗೆ ಬಿಡದೆ, ಕಿಟಕಿ ಸಂದಿಗೆ ಒದ್ದೆ ಬಟ್ಟೆ ತುರುಕಿ ಕುಳಿತದ್ದನ್ನು ನಾವು ಮರೆತಿಲ್ಲ. ಕಾಲ್ಡರ್ ಬೆಂಕಿಗೆ ಮೊದಲು ಬಲಿಯಾದ ಗ್ರಿಜ್ಲಿ ಫ್ಲ್ಯಾಟ್ಸ್ ಎಂಬ ಸಣ್ಣ ಊರಿನಲ್ಲಿ ನಾನೂರಕ್ಕೂ ಹೆಚ್ಚು ಮನೆಗಳು, ಶಾಲೆ, ಅಂಚೆ ಕಚೇರಿ ಎಲ್ಲವೂ ಬೂದಿಯಾದವು. ಆ ಊರಿನ ಸುತ್ತ ಕಾಡನ್ನು ತೆಳುಗೊಳಿಸಿ, ಹತೋಟಿಯ ಬೆಂಕಿ ಹಾಕಿ ಅಪಾಯ ತಗ್ಗಿಸುವ ಟ್ರೆಸ್ಲ್ ಎಂಬ ಯೋಜನೆ, ರಾಷ್ಟ್ರೀಯ ಅರಣ್ಯಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಫಾರೆಸ್ಟ್ ಸರ್ವಿಸ್ ಬಳಿ ವರ್ಷಗಳ ಹಿಂದೆಯೇ ಇತ್ತು. ಬೆಂಕಿ ಬಂದಾಗ ಅದರಲ್ಲಿ ಮುಗಿದಿದ್ದದ್ದು ಸಣ್ಣ ಪಾಲು ಮಾತ್ರ. ಹಾಗಾಗಿ ಕೆಲಸ ತಡವಾಗಬಾರದು ಎನ್ನುವವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಈ ಕಾಡು ಇಷ್ಟು ಒತ್ತಾಗಿ ಬೆಳೆದದ್ದಕ್ಕೆ ಒಂದು ಚರಿತ್ರೆ ಇದೆ. ಪಾಂಡೆರೋಸಾ ಪೈನ್, ಶುಗರ್ ಪೈನ್, ಇನ್ಸೆನ್ಸ್ ಸೀಡರ್, ಬಿಳಿ ಫರ್ ಮರಗಳು ಬೆರೆತು ಬೆಳೆಯುವ ಈ ಇಳಿಜಾರುಗಳಲ್ಲಿ, ಹಿಂದೆ ಹತ್ತು ಹದಿನೈದು ವರ್ಷಕ್ಕೊಮ್ಮೆ ನೆಲಬೆಂಕಿ ಸುಳಿದು ಹೋಗುತ್ತಿತ್ತು. ಅದರಲ್ಲಿ ಒಂದಷ್ಟು ಸಿಡಿಲಿನಿಂದ ಹುಟ್ಟಿದ್ದು, ಒಂದಷ್ಟು ನಿಸೆನಾನ್, ಮಿವೋಕ್, ಮೋನೊ ಮುಂತಾದ ಮೂಲನಿವಾಸಿಗಳು ಬೇಕೆಂದೇ ಹಾಕುತ್ತಿದ್ದದ್ದು. ಆ ಬೆಂಕಿ ತರಗನ್ನೂ ಸಣ್ಣ ಸಸಿಗಳನ್ನೂ ಸುಟ್ಟು, ದಪ್ಪ ತೊಗಟೆಯ ಹಿರಿಮರಗಳನ್ನು ಹಾಗೇ ಬಿಡುತ್ತಿತ್ತು. ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಿದ ಮೇಲೆ ಆ ರೂಢಿ ನಿಂತಿತು. 1935ರಲ್ಲಿ ಫಾರೆಸ್ಟ್ ಸರ್ವಿಸ್, ಎಲ್ಲೇ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಹತೋಟಿಗೆ ತರಬೇಕೆಂಬ ನಿಯಮವನ್ನೇ ಮಾಡಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲಿ ಹಾಕುತ್ತಿದ್ದ ತರಗು ಬೆಂಕಿಯನ್ನು ಅಭಯಾರಣ್ಯವಾದ ಮೇಲೆ ನಿಲ್ಲಿಸಿದ್ದು, ಆ ಬಳಿಕ ಲಂಟಾನ ಬೆಟ್ಟವನ್ನೆಲ್ಲ ಆವರಿಸಿತೆಂದು ಅವರೇ ಹೇಳುವುದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಇಲ್ಲಿ ಲಂಟಾನದ ಜಾಗದಲ್ಲಿ ನೆರಳಲ್ಲಿ ಬೆಳೆಯಬಲ್ಲ ಬಿಳಿ ಫರ್ ಸಸಿಗಳು ಎದ್ದವು. ಅವು ಹಿರಿಮರಗಳ ಬುಡದಿಂದ ಕೊಂಬೆಯವರೆಗೆ ಏಣಿಯಂತೆ ನಿಂತಿವೆ; ನೆಲದಲ್ಲಿ ಹುಟ್ಟಿದ ಬೆಂಕಿ ಆ ಏಣಿ ಹತ್ತಿ ನೆತ್ತಿಗೆ ಮುಟ್ಟಿದರೆ ಮುನ್ನೂರು ವರ್ಷದ ಪೈನ್ ಕೂಡ ಉಳಿಯುವುದಿಲ್ಲ. ಇದರ ಮೇಲೆ 2012ರಿಂದ 2016ರವರೆಗಿನ ಬರಗಾಲ ಬಂತು. ಆ ಬರ ಮತ್ತು ಅದರ ಬೆನ್ನಿಗೆ ಬಂದ ತೊಗಟೆ ದುಂಬಿಗಳಿಂದ ಕ್ಯಾಲಿಫೋರ್ನಿಯಾದಲ್ಲಿ ಸತ್ತ ಮರಗಳ ಸಂಖ್ಯೆ 12.9 ಕೋಟಿ ಎಂದು ಫಾರೆಸ್ಟ್ ಸರ್ವಿಸ್ ಅಂದಾಜು ಮಾಡಿತು.

ಈಗ ಗೂಬೆಯ ವಿಚಾರ. ನಮ್ಮ ನುಡಿಯಲ್ಲಿ ಒಬ್ಬರ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ಗೂಬೆ ಕೂರಿಸುವುದು ಎನ್ನುತ್ತೇವೆ. ಈ ದೇಶದಲ್ಲಿ ಗೂಬೆಯ ಮೇಲೇ ಗೂಬೆ ಕೂರಿಸಿದ ಉದಾಹರಣೆ ಇದೆ. 1990ರಲ್ಲಿ ಉತ್ತರದ ಚುಕ್ಕೆ ಗೂಬೆಯನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದಾಗ, ಆರೆಗನ್ ಮತ್ತು ವಾಷಿಂಗ್ಟನ್ ರಾಜ್ಯಗಳಲ್ಲಿ ಮುಚ್ಚಿದ ಸಾಮಿಲ್ಲುಗಳಿಗೆಲ್ಲ ಆ ಹಕ್ಕಿಯೇ ಕಾರಣವೆಂದು ದೂರಲಾಯಿತು. ಹಿರಿಮರಗಳು ಕಡಿದು ಕಡಿದು ಮುಗಿಯುತ್ತ ಬಂದದ್ದು, ಯಂತ್ರಗಳು ಕೂಲಿಯವರ ಕೆಲಸ ಕಿತ್ತುಕೊಂಡದ್ದು, ದಿಮ್ಮಿಗಳು ಹಾಗೇ ಹಡಗು ಹತ್ತಿ ಹೊರದೇಶಕ್ಕೆ ಹೋದದ್ದು ಹಿನ್ನೆಲೆಗೆ ಸರಿದವು. ನಮ್ಮ ಬೆಟ್ಟದಲ್ಲಿರುವುದು ಅದರ ಒಡಹುಟ್ಟಿನಂಥ ಕ್ಯಾಲಿಫೋರ್ನಿಯಾ ಚುಕ್ಕೆ ಗೂಬೆ. 2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರದ ಮೀನು ಮತ್ತು ವನ್ಯಜೀವಿ ಇಲಾಖೆ ಇದನ್ನೂ ಪಟ್ಟಿಗೆ ಸೇರಿಸುವ ಪ್ರಸ್ತಾವನೆ ಮುಂದಿಟ್ಟಿತು. ಸಿಯೆರಾದ ಗೂಬೆಗೆ ಒಡ್ಡಿರುವ ಅಪಾಯಗಳಲ್ಲಿ ಅದು ಮುಖ್ಯವಾಗಿ ಹೆಸರಿಸಿದ್ದು ಭಾರೀ ಕಾಳ್ಗಿಚ್ಚನ್ನು ಎಂಬುದನ್ನು ಗಮನಿಸಬೇಕು. ಅಂದರೆ ನಮ್ಮ ಮನೆಗೆ ಯಾವುದು ವೈರಿಯೋ ಗೂಬೆಯ ಮನೆಗೂ ಅದೇ ವೈರಿ.

ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುವ, ಕಂದು ಮೈಮೇಲೆ ಅಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕೆಗಳಿರುವ, ಕಪ್ಪು ಕಣ್ಣಿನ ಹಕ್ಕಿ ಇದು. ತಾನಾಗಿ ಗೂಡು ಕಟ್ಟುವುದಿಲ್ಲ. ಹಿರಿಮರದ ಪೊಟರೆ, ತುದಿ ಮುರಿದ ಮರದ ನೆತ್ತಿ, ಬೇರೆ ಹಕ್ಕಿಯೋ ಅಳಿಲೋ ಬಿಟ್ಟುಹೋದ ಗೂಡು ಇದಕ್ಕೆ ಸಾಕು. ಹಾರುವ ಅಳಿಲು ಮತ್ತು ಕಾಡಿಲಿ ಇದರ ಮುಖ್ಯ ಆಹಾರ. ಒಂದು ಜೋಡಿ ಎಷ್ಟೋ ವರ್ಷ ಮೊಟ್ಟೆಯನ್ನೇ ಇಡದೆ ಕಳೆಯುತ್ತದೆ, ಇಟ್ಟರೂ ಒಂದರಿಂದ ಮೂರು. ಇಷ್ಟು ನಿಧಾನವಾಗಿ ಹೆಚ್ಚುವ ಜೀವಿಯ ಮೇಲೆ ಯಾವುದೇ ಕೆಲಸದ ಪರಿಣಾಮ ಒಂದೆರಡು ವರ್ಷದಲ್ಲಿ ಗೊತ್ತಾಗುವುದಿಲ್ಲ. ಈ ಒಂದು ಸಂಗತಿಯನ್ನು ನೆನಪಿಟ್ಟರೆ ಮುಂದಿನ ವಾದಗಳೆಲ್ಲ ಅರ್ಥವಾಗುತ್ತವೆ.

ಕ್ಷೇತ್ರಕಾರ್ಯ ನಡೆಯುವುದು ಹೀಗೆ. ಮಾರ್ಚ್‌ನಿಂದ ಆಗಸ್ಟ್‌ವರೆಗೆ, ಕತ್ತಲಾದ ಮೇಲೆ, ಕಾಡಿನ ದಾರಿಯಲ್ಲಿ ಮೊದಲೇ ಗುರುತಿಸಿದ ಜಾಗಗಳಲ್ಲಿ ನಿಂತು ಗೂಬೆಯ ಕೂಗನ್ನು ಬಾಯಿಂದಲೋ ಧ್ವನಿವರ್ಧಕದಿಂದಲೋ ಹೊರಡಿಸಿ ಹತ್ತು ನಿಮಿಷ ಕಿವಿಗೊಡುತ್ತಾರೆ. ನಾಲ್ಕು ಸ್ವರದ ಆ ಕೂಗಿಗೆ ಉತ್ತರ ಬಂದರೆ, ಸಂಜೆಯೋ ನಸುಕಿನಲ್ಲೋ ಮತ್ತೆ ಹೋಗಿ ಹಕ್ಕಿಯನ್ನು ಕಣ್ಣಾರೆ ಕಂಡು, ಅದರ ಮುಂದೆ ಜೀವಂತ ಇಲಿಯೊಂದನ್ನು ಇಡುತ್ತಾರೆ. ಇಲಿಯನ್ನು ಅದು ತಾನೇ ತಿಂದರೆ ಆ ವರ್ಷ ಮರಿ ಮಾಡಿರಲಿಕ್ಕಿಲ್ಲ ಎಂದು ಅರ್ಥ. ಕಚ್ಚಿಕೊಂಡು ಹಾರಿ ಗೂಡಿಗೆ ಒಯ್ದರೆ ಅಲ್ಲಿ ಸಂಗಾತಿಯೋ ಮರಿಯೋ ಕಾಯುತ್ತಿದೆ ಎಂದು ಅರ್ಥ. ಇಳಿಜಾರಿನಲ್ಲಿ ಎದ್ದು ಬಿದ್ದು ಅದರ ಹಿಂದೆ ಓಡುವುದು ನಮ್ಮಂಥವರ ಪಾಲಿನ ಕೆಲಸ. ಹಿಡಿದ ಹಕ್ಕಿಯ ಕಾಲಿಗೆ ಬಣ್ಣದ ಉಂಗುರ ತೊಡಿಸುವುದರಿಂದ, ಮುಂದಿನ ವರ್ಷ ಅದೇ ಮರದಲ್ಲಿ ಕಂಡದ್ದು ಅದೇ ಹಕ್ಕಿಯೋ ಹೊಸದೋ ಎಂದು ತಿಳಿಯುತ್ತದೆ. ಈಚೆಗೆ ಮರಗಳಿಗೆ ಧ್ವನಿ ಮುದ್ರಿಸುವ ಪೆಟ್ಟಿಗೆಗಳನ್ನು ಕಟ್ಟಿ, ತಂತ್ರಾಂಶದಿಂದ ಗೂಬೆಯ ಕೂಗನ್ನು ಹೆಕ್ಕುವ ವಿಧಾನ ಸಿಯೆರಾದ ಉದ್ದಕ್ಕೂ ಹಬ್ಬಿದೆ. ನನ್ನ ವೃತ್ತಿಯಿಂದಾಗಿ ಇದು ನನಗೆ ಪ್ರಿಯವಾಗಬೇಕಿತ್ತು, ಆಗಿಯೂ ಇದೆ. ಆದರೆ ಪೆಟ್ಟಿಗೆ ಹೇಳುವುದು ಇಲ್ಲಿ ಗೂಬೆ ಇದೆ ಎಂದಷ್ಟೇ. ಅದು ಯಾವ ಗೂಬೆ, ಮರಿ ಬದುಕಿತೇ ಎಂಬುದಕ್ಕೆ ಇಂದಿಗೂ ಉಂಗುರ ಮತ್ತು ಕಾಲುನಡಿಗೆಯೇ ಬೇಕು.

ಎಲ್ ಡೊರಾಡೊ ಕಾಡಿನಲ್ಲಿ ಈ ಎಣಿಕೆ 1986ರಿಂದ ನಡೆದುಬಂದಿದೆ. ಕಿಂಗ್ ಫೈರ್ ಆ ಅಧ್ಯಯನದ ಪ್ರದೇಶಕ್ಕೇ ನುಗ್ಗಿದಾಗ, ಬೆಂಕಿಗೆ ಮುಂಚಿನ 28 ವರ್ಷದ ಲೆಕ್ಕ ಕೈಯಲ್ಲಿ ಇದ್ದುದರಿಂದಲೇ ಅದರ ನಂತರದ ಲೆಕ್ಕಕ್ಕೆ ಅರ್ಥ ಬಂತು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅರ್ಧಕ್ಕಿಂತ ಹೆಚ್ಚು ಭಾಗ ತೀವ್ರವಾಗಿ ಸುಟ್ಟ ನೆಲೆಗಳಿಂದ ಗೂಬೆ ಕಣ್ಮರೆಯಾಗುವ ಸಂಭವ, ಸುಡದ ಅಥವಾ ಹಗುರವಾಗಿ ಸುಟ್ಟ ನೆಲೆಗಳಿಗಿಂತ ಏಳು ಪಟ್ಟು ಹೆಚ್ಚಿತ್ತು. ವರ್ಷಗಳ ನಂತರವೂ ಅಂಥ ನೆಲೆಗಳು ಖಾಲಿಯಾಗಿಯೇ ಉಳಿದವೆಂದು ಮುಂದಿನ ವರದಿ ಹೇಳಿತು. ಇದನ್ನು ಎಲ್ಲರೂ ಒಪ್ಪಲಿಲ್ಲ. ಕೆಲವು ನೆಲೆಗಳು ಬೆಂಕಿಗೆ ಮೊದಲೇ ಖಾಲಿಯಾಗಿದ್ದವು, ಬೆಂಕಿಯ ನಂತರ ಸುಟ್ಟ ಮರಗಳನ್ನು ಕಡಿದು ಸಾಗಿಸಿದ್ದೂ ಲೆಕ್ಕಕ್ಕೆ ಬರಬೇಕು ಎಂದು ಬೇರೆ ಸಂಶೋಧಕರು ವಾದಿಸಿದರು. 2002ರ ಮೆಕ್‌ನ್ಯಾಲಿ ಬೆಂಕಿಯ ನಾಲ್ಕು ವರ್ಷಗಳ ನಂತರ ರೇಡಿಯೊ ತೊಡಿಸಿದ ಗೂಬೆಗಳು ಸುಟ್ಟ ಕಾಡಿನಲ್ಲೇ ಬೇಟೆಯಾಡುತ್ತಿದ್ದುದನ್ನು ಅವರಲ್ಲಿ ಕೆಲವರು ಹಿಂದೆಯೇ ತೋರಿಸಿದ್ದರು. ಈ ಜಗಳ ವಿಜ್ಞಾನ ಪತ್ರಿಕೆಗಳಲ್ಲಿ ಪರಸ್ಪರರ ಪ್ರಾಮಾಣಿಕತೆಯನ್ನೇ ಪ್ರಶ್ನಿಸುವ ಮಟ್ಟಕ್ಕೆ ಹೋಯಿತು. ನನ್ನ ಓದಿನಲ್ಲಿ ಎರಡೂ ಒಟ್ಟಿಗೆ ನಿಲ್ಲಬಲ್ಲವು: ಸಣ್ಣ ಸಣ್ಣ ತೇಪೆಗಳಾಗಿ ಸುಟ್ಟ ಕಾಡನ್ನು ಗೂಬೆ ಬಳಸುತ್ತದೆ, ಮೈಲಿಗಟ್ಟಲೆ ಒಂದೇ ಸಮನೆ ಕಪ್ಪಾದ ಕಾಡನ್ನು ಬಿಟ್ಟು ಹೋಗುತ್ತದೆ. ಕಿಂಗ್ ಫೈರ್ ಎರಡನೆಯ ಬಗೆಯದು.

ಹಾಗಾದರೆ ಕಾಡನ್ನು ಕೂಡಲೇ ತೆಳುಗೊಳಿಸಿಬಿಡೋಣ ಎನ್ನುವವರು ಪ್ಲೂಮಸ್ ರಾಷ್ಟ್ರೀಯ ಅರಣ್ಯದ ಮೆಡೋ ವ್ಯಾಲಿಯ ಅನುಭವವನ್ನು ನೋಡಬೇಕು. ಅಲ್ಲಿ ಬೆಂಕಿಯ ಓಟ ತಡೆಯಲು ಕಾಡಿನ ಪಟ್ಟಿಗಳನ್ನು ತೆಳುಗೊಳಿಸಿ ಸಣ್ಣ ಬಯಲುಗಳನ್ನು ತೆರೆದ ಮೇಲೆ, ಹಾಡುಹಕ್ಕಿಗಳಿಗೂ ಇಲಿ ಅಳಿಲುಗಳಿಗೂ ಹೇಳಿಕೊಳ್ಳುವಂಥ ತೊಂದರೆ ಕಾಣಲಿಲ್ಲ, ಆದರೆ ಗೂಬೆಯ ನೆಲೆಗಳು ಮೂರು ನಾಲ್ಕು ವರ್ಷಗಳಲ್ಲಿ ಶೇ. 43ರಷ್ಟು ಇಳಿದವೆಂದು 2014ರ ವರದಿ ಹೇಳುತ್ತದೆ. ಎಣಿಸಿದ್ದು ಬೆರಳೆಣಿಕೆಯ ನೆಲೆಗಳನ್ನು. ಅದೇ ಕಾಲದಲ್ಲಿ ಲ್ಯಾಸೆನ್, ಎಲ್ ಡೊರಾಡೊ, ಸಿಯೆರಾ ಎಂಬ ಮೂರು ರಾಷ್ಟ್ರೀಯ ಅರಣ್ಯಗಳ ಅಧ್ಯಯನ ಪ್ರದೇಶಗಳಲ್ಲೂ ಗೂಬೆ ಕಡಿಮೆಯಾಗುತ್ತಲೇ ಇತ್ತು. ಕಾರಣ ಕಾಡನ್ನು ತೆಳುಗೊಳಿಸಿದ್ದೋ ಹಿಂದೆ ಹಿರಿಮರಗಳನ್ನು ಕಡಿದದ್ದರ ತಡವಾದ ಫಲವೋ ಎಂದು ಇಷ್ಟರಿಂದಲೇ ಹೇಳಲಾಗದು. ಇಳಿಯದೆ ಉಳಿದದ್ದು ಸೆಕ್ವೊಯ ಮತ್ತು ಕಿಂಗ್ಸ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನಗಳಲ್ಲಿ ಮಾತ್ರ. ಅಲ್ಲಿ ಮರ ಕಡಿಯುವುದಿಲ್ಲ, ಹಿರಿಮರಗಳು ಉಳಿದಿವೆ, ಮತ್ತು 1960ರ ದಶಕದ ಕೊನೆಯಿಂದಲೇ ಅಧಿಕಾರಿಗಳು ಬೇಕೆಂದೇ ನೆಲಬೆಂಕಿ ಹಾಕುತ್ತ ಬಂದಿದ್ದಾರೆ. ಬೆಂಕಿ ಬೇಕು, ಗರಗಸ ಬೇಡ ಎನ್ನುವವರೂ ಗರಗಸ ಬೇಕು, ಬೆಂಕಿ ಬೇಡ ಎನ್ನುವವರೂ ಈ ಉದ್ಯಾನದ ಲೆಕ್ಕವನ್ನು ತಮಗೆ ಬೇಕಾದಷ್ಟೇ ಓದುತ್ತಾರೆ.

ನನಗೆ ದಾರಿ ತೋರಿಸಿದ್ದು 2017ರ ಇನ್ನೊಂದು ಅಧ್ಯಯನ. ವಿಮಾನದಿಂದ ಲೇಸರ್ ಕಿರಣ ಹಾಯಿಸಿ ಕಾಡಿನ ಪ್ರತಿ ಪದರವನ್ನೂ ಅಳೆಯುವ ಲೈಡಾರ್ ತಂತ್ರದಿಂದ, ಅರಣ್ಯ ವಿಜ್ಞಾನಿ ಮ್ಯಾಲ್ಕಮ್ ನಾರ್ತ್ ಮತ್ತು ಸಹೋದ್ಯೋಗಿಗಳು ಗೂಬೆಯ ಗೂಡುಗಳ ಸುತ್ತಲಿನ ಕಾಡನ್ನು ಅಳೆದರು. ಅಲ್ಲಿಯವರೆಗೆ ಶೇ. 70ರಷ್ಟು ಮೇಲ್ಚಾವಣಿಯ ನೆರಳು ಬೇಕು ಎಂಬುದು ನಿಯಮದಂತೆ ಇತ್ತು. ಆ ನೆರಳು ಯಾವ ಎತ್ತರದ ಮರದ್ದು ಎಂದು ಯಾರೂ ಹೆಚ್ಚು ಕೇಳಿರಲಿಲ್ಲ. ಗೂಬೆ ಆರಿಸಿಕೊಳ್ಳುವುದು 48 ಮೀಟರಿಗಿಂತ ಎತ್ತರದ ಮರಗಳ ನೆರಳನ್ನು ಎಂದೂ, 2ರಿಂದ 16 ಮೀಟರಿನ ಕುಳ್ಳ ಮರಗಳ ಒತ್ತನ್ನು ಅದು ದೂರವಿಡುತ್ತದೆ ಎಂದೂ ಆ ಅಳತೆ ತೋರಿಸಿತು. ಬೆಂಕಿಗೆ ಏಣಿಯಾಗುವುದು ಆ ಕುಳ್ಳ ಮರಗಳೇ ಅಲ್ಲವೇ? ಕಾಫಿ ತೋಟದಲ್ಲಿ ಮರಗಸಿ ಮಾಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಎಷ್ಟು ನೆರಳು ತೆಗೆದರು ಎನ್ನುವಷ್ಟೇ ಮುಖ್ಯವಾದದ್ದು ಯಾವ ಮರದ ನೆರಳನ್ನು ಉಳಿಸಿದರು ಎನ್ನುವುದು. ನಮ್ಮ ಊರಿನ ಹಿರಿಯರ ಮನೆಯೂ ಗೂಬೆಯ ಪೊಟರೆಯೂ ಒಂದೇ ಕೆಲಸದಿಂದ ಉಳಿಯಲು ಇಲ್ಲಿ ಅವಕಾಶವಿದೆ, ಕೆಲಸ ಆ ಕುಳ್ಳ ಮರಗಳ ಮಟ್ಟದಲ್ಲೇ ನಿಂತರೆ.

ನಿಲ್ಲುತ್ತದೆಯೇ ಎಂಬುದೇ ಪ್ರಶ್ನೆ. ಸಣ್ಣ ಮರಕ್ಕೆ ಬೆಲೆಯಿಲ್ಲ. ಅದನ್ನು ಕಡಿದು ಸಾಗಿಸುವ ಖರ್ಚು ಅದರಿಂದ ಹುಟ್ಟುವುದಿಲ್ಲ. ಹಾಗಾಗಿ ಖರ್ಚು ಸರಿದೂಗಿಸಲು ಒಂದಷ್ಟು ದಪ್ಪ ಮರಗಳನ್ನೂ ಗುತ್ತಿಗೆಗೆ ಸೇರಿಸುವ ಒತ್ತಡ ಯಾವಾಗಲೂ ಇರುತ್ತದೆ. 1993ರಿಂದ ಸಿಯೆರಾದಲ್ಲಿ 30 ಇಂಚಿಗಿಂತ ದಪ್ಪದ ಮರಕ್ಕೆ ರಕ್ಷಣೆ ಬಂದದ್ದು ಇದೇ ಗೂಬೆಯ ದೆಸೆಯಿಂದ. ಊಟದ ಪಂಕ್ತಿಯಲ್ಲಿ ಆ ತರುಣಿ ಎತ್ತಿದ ಅನುಮಾನಕ್ಕೆ ಬೇರಿರುವುದು ಇಲ್ಲಿ. ಅದೇ ರೀತಿ, ಕಡಿದು ಬಿಟ್ಟ ರೆಂಬೆ ಸೊಪ್ಪನ್ನು ನೆಲದಲ್ಲೇ ಒಣಗಲು ಬಿಟ್ಟರೆ ಅಪಾಯ ತಗ್ಗುವ ಬದಲು ಹೆಚ್ಚುತ್ತದೆ. ಜಾರ್ಜ್‌ಟೌನ್ ಬಳಿಯ ಬ್ಲಾಡ್ಜೆಟ್ ಸಂಶೋಧನಾ ಅರಣ್ಯದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಇಪ್ಪತ್ತು ವರ್ಷ ನಡೆಸಿದ ಪ್ರಯೋಗವೂ, ಪಶ್ಚಿಮ ರಾಜ್ಯಗಳ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2024ರ ವಿಶ್ಲೇಷಣೆಯೂ, ತೆಳುಗೊಳಿಸಿದ ಮೇಲೆ ಹತೋಟಿಯ ಬೆಂಕಿ ಹಾಕಿದ ಕಡೆ ಫಲ ಹೆಚ್ಚೆಂದು ಹೇಳುತ್ತವೆ. ಆ ವಿಶ್ಲೇಷಣೆಯಲ್ಲಿ ಮುಂದಿನ ಕಾಳ್ಗಿಚ್ಚಿನ ತೀವ್ರತೆ ಶೇ. 62ರಿಂದ 72ರಷ್ಟು ತಗ್ಗಿತ್ತು. ಆದರೆ ಬೆಂಕಿ ಹಾಕುವ ದಿನ ಹೊಗೆ ಬರುತ್ತದೆಂದು ದೂರು ಕೊಡುವವರಲ್ಲಿ ನಾವೂ ಇದ್ದೇವೆ. ವಸಂತದ ಮೂರು ದಿನದ ತೆಳು ಹೊಗೆಯನ್ನು ಸಹಿಸದಿದ್ದರೆ ಆಗಸ್ಟ್‌ನ ಮೂರು ವಾರದ ಹೊಗೆಯನ್ನು ಸಹಿಸಬೇಕಾಗುತ್ತದೆ ಎಂದು ನನ್ನ ಮನೆಯಲ್ಲೇ ವಾದ ಮಾಡಿ ಸೋತಿದ್ದೇನೆ.

2022ರ ಜನವರಿಯಲ್ಲಿ ಫಾರೆಸ್ಟ್ ಸರ್ವಿಸ್, ಹತ್ತು ವರ್ಷಗಳಲ್ಲಿ ತನ್ನ ಕಾಡಿನಲ್ಲೇ ಹೆಚ್ಚುವರಿಯಾಗಿ ಎರಡು ಕೋಟಿ ಎಕರೆವರೆಗೆ ಇಂಥ ಕೆಲಸ ಮಾಡುವ ಗುರಿ ಘೋಷಿಸಿತು. ಅದರ ಪಾಲು ನಮ್ಮ ಬೆಟ್ಟಕ್ಕೂ ಬರುತ್ತದೆ. ಯೋಜನೆಯ ಕರಡು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ, ನಮ್ಮಲ್ಲಿ ಬರೆಯುವವರು ಬೇಕು ಅಥವಾ ಬೇಡ ಎಂದು ಒಂದು ಸಾಲು ಬರೆದು ಮುಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಷ್ಟು ದಪ್ಪದ ಮರದವರೆಗೆ ಕಡಿಯುತ್ತೀರಿ, 48 ಮೀಟರ್ ದಾಟಿದ ಮರಗಳ ಲೆಕ್ಕ ನಿಮ್ಮ ನಕ್ಷೆಯಲ್ಲಿ ಇದೆಯೇ ಎಂದು ಕೇಳಿ. ಕಡಿದ ಮೇಲೆ ಬೆಂಕಿ ಹಾಕಲು ಹಣವೂ ಜನರೂ ಇದ್ದಾರೆಯೇ, ಎಷ್ಟು ವರ್ಷದೊಳಗೆ ಎಂದು ಕೇಳಿ. ಒಂದೊಂದು ಗೂಡಿನ ಸುತ್ತ ಕಾದಿರಿಸಿದ 300 ಎಕರೆಯ ರಕ್ಷಿತ ನೆಲೆಗಳ ಒಳಗೆ ಏನೂ ಮಾಡದೆ ಬಿಟ್ಟರೆ ಅವೇ ಮುಂದಿನ ಬೆಂಕಿಗೆ ಸೌದೆಯಾಗುವುದಿಲ್ಲವೇ, ಅಲ್ಲಿ ಕೈಗರಗಸ ಮತ್ತು ನೆಲಬೆಂಕಿಯ ಹಗುರ ಕೆಲಸವನ್ನಾದರೂ ಮರಿ ಹಾರಿಹೋದ ಮೇಲೆ ಮಾಡಬಹುದೇ ಎಂದು ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸಕ್ಕೆ ಮುಂಚೆ ಎಷ್ಟು ವರ್ಷ ಗೂಬೆಯನ್ನು ಎಣಿಸಿದ್ದೀರಿ, ಹೋಲಿಕೆಗಾಗಿ ಮುಟ್ಟದೆ ಬಿಟ್ಟ ನೆಲೆಗಳು ಯಾವುವು, ಕೆಲಸದ ನಂತರ ಕನಿಷ್ಠ ಹತ್ತು ವರ್ಷ ಎಣಿಸುವವರಿಗೆ ಸಂಬಳ ಕೊಡುವವರು ಯಾರು ಎಂದು ಕೇಳಿ.

ಎಣಿಕೆಯ ಪ್ರಶ್ನೆಯನ್ನು ಕೆಲಸ ತಡಮಾಡುವ ಉಪಾಯವೆಂದು ಭಾವಿಸುವವರು ನ್ಯೂ ಮೆಕ್ಸಿಕೊದಲ್ಲಿ ಆದದ್ದನ್ನು ನೆನೆಯಬೇಕು. ಅಲ್ಲಿನ ಮೆಕ್ಸಿಕನ್ ಚುಕ್ಕೆ ಗೂಬೆಯ ಸಂಖ್ಯೆಯ ಮೇಲೆ ನಿಗಾ ಇಡುವುದಾಗಿ ಫಾರೆಸ್ಟ್ ಸರ್ವಿಸ್ ಒಪ್ಪಿಕೊಂಡು ಇಡದೆ ಹೋದದ್ದಕ್ಕೆ, 2019ರ ಸೆಪ್ಟೆಂಬರ್‌ನಲ್ಲಿ ಅರಿಜೋನಾದ ಟೂಸಾನ್‌ನ ಕೇಂದ್ರ ನ್ಯಾಯಾಲಯ ನ್ಯೂ ಮೆಕ್ಸಿಕೊದ ಐದು ರಾಷ್ಟ್ರೀಯ ಅರಣ್ಯಗಳಲ್ಲೂ ಅರಿಜೋನಾದ ಒಂದರಲ್ಲೂ ಮರ ಕಡಿಯುವ ಕೆಲಸವನ್ನು ತಡೆಹಿಡಿಯಿತು. ಚಳಿಗಾಲಕ್ಕೆ ಸೌದೆ ಕಡಿಯುವ ಪರವಾನಗಿಗಳೂ ಸ್ವಲ್ಪ ಕಾಲ ನಿಂತವು. ಗೂಬೆ ಎಣಿಸುವ ಖರ್ಚು ಉಳಿಸಹೊರಟದ್ದರಿಂದ ಬಡವರ ಒಲೆಗೆ ಸೌದೆ ಇಲ್ಲದಂತಾಯಿತು. ಆಗಲೂ ಜನ ಬೈದದ್ದು ಗೂಬೆಯನ್ನೇ.

ಪೂರ್ವದಿಂದ ಬಂದು ಚುಕ್ಕೆ ಗೂಬೆಯ ಜಾಗ ಕಸಿಯುವ ಬಾರ್ಡ್ ಗೂಬೆಯ ಕಥೆ ಬೇರೆಯೇ ಪತ್ರಕ್ಕೆ ಆಗುವಷ್ಟಿದೆ, ಇಲ್ಲಿ ಎಳೆಯುವುದಿಲ್ಲ. ಅದು ಸಿಯೆರಾದಲ್ಲಿ ಹೆಚ್ಚಿದ್ದು ತಿಳಿದದ್ದೂ ಇಂಥ ಸಮೀಕ್ಷೆಗಳಿಂದಲೇ ಎಂದಷ್ಟೇ ಹೇಳುತ್ತೇನೆ.

ಅಭಿಪ್ರಾಯ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಯಲು, ಯೋಜನೆಯ ನಕ್ಷೆ ಓದಲು ನೆರವು ಬೇಕಾದವರು ಮುಂದಿನ ಕನ್ನಡ ಶಾಲೆಯ ಭಾನುವಾರ ನನ್ನನ್ನು ಕಾಣಬಹುದು. ಆ ಹಿರಿಯರನ್ನೂ ಆ ತರುಣಿಯನ್ನೂ ಒಂದೇ ಮೇಜಿಗೆ ಕರೆದಿದ್ದೇನೆ, ಇಬ್ಬರೂ ಬರುವುದಾಗಿ ಒಪ್ಪಿದ್ದಾರೆ. ಮಾರ್ಚ್‌ನಲ್ಲಿ ಸಮೀಕ್ಷೆಗೆ ಬರಬೇಕೆನ್ನುವವರು ಬೆಚ್ಚಗಿನ ಬಟ್ಟೆ, ತಲೆಗೆ ಕಟ್ಟುವ ದೀಪ, ಗಟ್ಟಿ ಬೂಟು ತಂದರೆ ಸಾಕು. ಒಂದೊಂದು ಜಾಗದಲ್ಲೂ ಹತ್ತು ನಿಮಿಷ ಮಾತಾಡದೆ ನಿಲ್ಲಬೇಕಾಗುತ್ತದೆ, ಅದಕ್ಕೆ ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳಿ.

ಇಂತಿ ನಿಮ್ಮ ವಿಶ್ವಾಸಿ,
ಫಾಲ್ಸಮ್‌ನ ಒಬ್ಬ ಕನ್ನಡಿಗ